ದೂರ ಹೋಗುವ ಅಲೆ, ಹೊರೆ ಹೊರುವ ಅಲೆ

ಇಂದು ಅನೇಕ ಮನೆಗಳಲ್ಲಿ ವೈ-ಫೈ ಪೆಟ್ಟಿಗೆಯೊಂದು ಗೋಡೆಯ ಮೇಲೆ ಜಾಗ ಹಿಡಿದಿರುತ್ತದೆ. ಫೋನಿನಲ್ಲಿ ಹುಡುಕಿದರೆ ಆ ಒಂದೇ ಪೆಟ್ಟಿಗೆ ಎಷ್ಟೋ ಸಲ ಎರಡು ಹೆಸರುಗಳಲ್ಲಿ ಕಾಣಿಸುತ್ತದೆ. ಒಂದರ ಕೊನೆಗೆ 2.4 ಎಂದಿದ್ದರೆ ಇನ್ನೊಂದರ ಕೊನೆಗೆ 5 ಎಂದಿರುತ್ತದೆ. ನಡುಮನೆಯಲ್ಲಿ ಕುಳಿತವರಿಗೆ 5ರ ವೇಗ ಹಿತವಾಗಿರುತ್ತದೆ. ಎರಡು ಗೋಡೆ ದಾಟಿ ಹಿತ್ತಿಲಿಗೆ ಹೋದರೆ ಅದು ಕೈಕೊಡುತ್ತದೆ. ಆಗ ನಿಧಾನವಾಗಿಯಾದರೂ ಜೊತೆಗೆ ಬರುವುದು 2.4. ಹೀಗೇಕೆ? ಇದು ಪೆಟ್ಟಿಗೆ ತಯಾರಿಸಿದವರ ದೋಷವಲ್ಲ. ನಿಸ್ತಂತು ಸಂಪರ್ಕ ಹುಟ್ಟಿದಂದಿನಿಂದ ಮನುಷ್ಯ ಅಲೆಗಳ ಜೊತೆ ನಡೆಸಿಕೊಂಡು ಬಂದಿರುವ ಒಂದು ವ್ಯಾಪಾರದ ಫಲ ಇದು. ದೂರ ಬೇಕೆಂದರೆ ವೇಗವನ್ನು ಬಿಟ್ಟುಕೊಡಬೇಕು, ವೇಗ ಬೇಕೆಂದರೆ ದೂರವನ್ನು. ಈ ವ್ಯಾಪಾರಕ್ಕೆ ಸುಮಾರು 130 ವರ್ಷಗಳ ಇತಿಹಾಸವಿದೆ. ಯಾವ ಊರಿಗೆ ಸುದ್ದಿ ತಲುಪಿತು, ಯಾವ ಊರು ಕಾದು ಕುಳಿತಿತು ಎಂಬುದೂ ಬಹುಮಟ್ಟಿಗೆ ಆ ಇತಿಹಾಸದಲ್ಲಿಯೇ ಅಡಗಿದೆ.

ಎರಡು ನಿಯಮಗಳು

ಮೊದಲು ಲೆಕ್ಕವನ್ನು ತಿಳಿದುಕೊಳ್ಳೋಣ. ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಯೋ ಅದು ಅದರ ಆವರ್ತನ. ಅದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತೇವೆ. ಸಾವಿರ ಹರ್ಟ್ಸ್ ಒಂದು ಕಿಲೋಹರ್ಟ್ಸ್, ಹತ್ತು ಲಕ್ಷ ಹರ್ಟ್ಸ್ ಒಂದು ಮೆಗಾಹರ್ಟ್ಸ್, ನೂರು ಕೋಟಿ ಹರ್ಟ್ಸ್ ಒಂದು ಗಿಗಾಹರ್ಟ್ಸ್. ಆವರ್ತನ ಏರಿದಂತೆಲ್ಲ ಅಲೆಯ ಉದ್ದ, ಅಂದರೆ ತರಂಗದೂರ, ಕುಗ್ಗುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಅಲೆ ಸುಮಾರು 490 ಮೀಟರ್ ಉದ್ದ. ಎಫ್.ಎಂ.ನ 101.3 ಮೆಗಾಹರ್ಟ್ಸ್ ಅಲೆ ಮೂರು ಮೀಟರಿಗಿಂತ ತುಸು ಕಡಿಮೆ. ವೈ-ಫೈಯ 2.4 ಗಿಗಾಹರ್ಟ್ಸ್ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. 5 ಗಿಗಾಹರ್ಟ್ಸ್‌ನದು 6 ಸೆಂಟಿಮೀಟರ್. ಆದರೆ ಇವೆಲ್ಲವೂ ಆಕಾಶದಲ್ಲಿ ಓಡುವುದು ಒಂದೇ ವೇಗದಲ್ಲಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಹಾಗಾದರೆ ಇಲ್ಲಿ ವೇಗವೆಂದು ಕರೆಯುವುದು ಅಲೆಯ ಓಟವನ್ನಲ್ಲ, ಅದು ಒಂದು ಸೆಕೆಂಡಿನಲ್ಲಿ ಹೊತ್ತು ತರುವ ಸುದ್ದಿಯ ಹೊರೆಯನ್ನು.

ಹೊರೆಗೆ ಬೇಕಾದದ್ದು ದಾರಿಯ ಅಗಲ. ಸದ್ದುಗದ್ದಲದ ನಡುವೆ ಒಂದು ಮಾರ್ಗದಲ್ಲಿ ಎಷ್ಟು ಮಾಹಿತಿ ಹೋಗಬಲ್ಲದು ಎಂಬುದು ಪಟ್ಟಿಯ ಅಗಲವನ್ನೂ, ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಬಲವಾಗಿದೆ ಎಂಬುದನ್ನೂ ಅವಲಂಬಿಸಿದೆ ಎಂದು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು. ಎತ್ತರದ ಆವರ್ತನ ತಾನಾಗಿಯೇ ವೇಗದ್ದಲ್ಲ. ಅಲ್ಲಿ ಜಾಗ ಹೆಚ್ಚು, ಅಷ್ಟೇ. ರೇಡಿಯೋದ ಮಧ್ಯಮ ತರಂಗ ಪಟ್ಟಿಯನ್ನೇ ನೋಡಿ. ಅದರ ಒಟ್ಟು ಅಗಲ ಸುಮಾರು 1,080 ಕಿಲೋಹರ್ಟ್ಸ್. ನಿಲಯಕ್ಕೆ 9 ಕಿಲೋಹರ್ಟ್ಸ್‌ನಂತೆ ಹಂಚಿದರೆ 120 ನಿಲಯಗಳಿಗೆ ಸ್ಥಳ. ಅದೇ ಹಳೆಯ ಪದ್ಧತಿಯ ಒಂದೇ ಒಂದು ಟಿ.ವಿ. ಚಾನೆಲಿಗೆ 7 ಮೆಗಾಹರ್ಟ್ಸ್ ಬೇಕಿತ್ತು, ಅಂದರೆ ಇಡೀ ಮಧ್ಯಮ ತರಂಗದ ಆರೂವರೆ ಪಟ್ಟು! ವೈ-ಫೈಯ ಸಾಧಾರಣ ಮಾರ್ಗವೊಂದಕ್ಕೆ ಬೇಕಾಗುವುದು 20 ಮೆಗಾಹರ್ಟ್ಸ್. ಇಷ್ಟು ಅಗಲದ ರಸ್ತೆಯನ್ನು ತಗ್ಗಿನ ಆವರ್ತನಗಳಲ್ಲಿ ಹಾಸುವುದಕ್ಕೆ ನೆಲವೇ ಇಲ್ಲ.

ಇನ್ನು ದೂರ. ಎತ್ತರದ ಆವರ್ತನದ ಅಲೆ ಬೇಗ ದಣಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಖಾಲಿ ಆಕಾಶದಲ್ಲಿ ಯಾವ ಅಲೆಯೂ ದಣಿಯುವುದಿಲ್ಲ. ವ್ಯತ್ಯಾಸ ಇರುವುದು ಹಿಡಿಯುವ ಬೊಗಸೆಯಲ್ಲಿ. ಸಾಮಾನ್ಯ ಆಂಟೆನಾದ ಗಾತ್ರ ಅಲೆಯ ಉದ್ದವನ್ನು ಅನುಸರಿಸುತ್ತದೆ. ಆವರ್ತನ ಇಮ್ಮಡಿಯಾದರೆ ಆಂಟೆನಾ ಅರ್ಧಕ್ಕೆ ಕುಗ್ಗುತ್ತದೆ, ಅದು ಹಿಡಿಯುವ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದರ ಜೊತೆಗೆ ಅಡೆತಡೆಗಳ ಕಾಟ ಬೇರೆ. ಉದ್ದನೆಯ ಅಲೆ ಗುಡ್ಡವನ್ನು ಬಳಸಿಕೊಂಡು ಆಚೆ ಇಳಿಯಬಲ್ಲದು. ಗಿಡ್ಡ ಅಲೆ ಬೆಳಕಿನಂತೆ ನೇರ ಹೋಗುತ್ತದೆ ಮತ್ತು ಗುಡ್ಡದ ಹಿಂದೆ ನೆರಳನ್ನು ಬಿಡುತ್ತದೆ. ಗೋಡೆ, ಮರದ ಎಲೆ, ಮಳೆಹನಿ ಎಲ್ಲವೂ ಅದರಿಂದ ಸುಂಕ ವಸೂಲು ಮಾಡುತ್ತವೆ.

ಗಿಡ್ಡ ಅಲೆಯಿಂದ ಉದ್ದ ಅಲೆಗೆ

ಜರ್ಮನಿಯ ಹೈನ್ರಿಚ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗಾಲಯದಲ್ಲಿ ಎಬ್ಬಿಸಿ ತೋರಿಸಿದ್ದು 1887-88ರಲ್ಲಿ. ಅನಂತರ ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಇನ್ನೂ ಗಿಡ್ಡ ಅಲೆಗಳ ಕಡೆ ಹೊರಳಿದರು. ಅವರು ಕೆಲಸ ಮಾಡಿದ ಅಲೆಗಳು ಐದು ಮಿಲಿಮೀಟರ್‌ನಷ್ಟು ಚಿಕ್ಕವು, ಇಂದಿನ ಲೆಕ್ಕದಲ್ಲಿ 60 ಗಿಗಾಹರ್ಟ್ಸ್. ಅವರಿಗೆ ದೂರಕ್ಕಿಂತ ಮುಖ್ಯವಾಗಿದ್ದುದು ಈ ಅಲೆಗಳು ಬೆಳಕಿನಂತೆಯೇ ಬಾಗುತ್ತವೆ, ಪ್ರತಿಫಲಿಸುತ್ತವೆ ಎಂಬುದನ್ನು ತೋರಿಸುವುದು. ಗಿಡ್ಡ ಅಲೆಗಳಾದರೆ ಒಂದು ಮೇಜಿನ ಮೇಲೆಯೇ ಅಂಥ ಪ್ರಯೋಗ ಸಾಧ್ಯ. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ತಮ್ಮ ಪುಟ್ಟ ಉಪಕರಣಗಳನ್ನು ವಿದ್ವಾಂಸರ ಮುಂದಿಟ್ಟರು.

ಮಾರ್ಕೋನಿಯ ದಾರಿ ಇದಕ್ಕೆ ವಿರುದ್ಧ. ಅವನಿಗೆ ಬೇಕಾಗಿದ್ದುದು ವ್ಯಾಪಾರ, ವ್ಯಾಪಾರಕ್ಕೆ ಬೇಕಾದದ್ದು ದೂರ. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಕೇಳಿದೆನೆಂದು ಅವನು ಸಾರಿದ ಮೇಲೆ ಎಲ್ಲರೂ ಉದ್ದುದ್ದ ಅಲೆಗಳ ಬೆನ್ನು ಹತ್ತಿದರು. ಅಲೆ ಉದ್ದವಾದಷ್ಟೂ ಭೂಮಿಯ ಬಾಗನ್ನು ಅನುಸರಿಸಿ ಮುಂದೆ ಸಾಗುತ್ತದೆ ಎಂಬುದು ಅಂದಿನ ನಂಬಿಕೆ. ಅದು ತಪ್ಪಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಸ್ವೀಡನ್ನಿನ ಗ್ರಿಮೆಟಾನ್ ಎಂಬಲ್ಲಿ 1924ರಲ್ಲಿ ಕೆಲಸ ಆರಂಭಿಸಿದ ನಿಲಯ ಆ ಯುಗದ ಸ್ಮಾರಕವಾಗಿ ಇಂದಿಗೂ ನಿಂತಿದೆ. ಅದರ ಆವರ್ತನ ಕೇವಲ 17.2 ಕಿಲೋಹರ್ಟ್ಸ್, ಒಂದೊಂದು ಅಲೆಯ ಉದ್ದ ಹದಿನೇಳು ಕಿಲೋಮೀಟರಿಗೂ ಹೆಚ್ಚು. ಅದಕ್ಕಾಗಿ ನಿಲ್ಲಿಸಿದ್ದು 127 ಮೀಟರ್ ಎತ್ತರದ ಆರು ಗೋಪುರಗಳು. ಇಷ್ಟೆಲ್ಲ ಮಾಡಿದರೂ ಹೋಗುತ್ತಿದ್ದುದು ತಂತಿ ಭಾಷೆಯ ಚುಕ್ಕೆ-ಗೆರೆಗಳು ಮಾತ್ರ. ಅಲ್ಲಿ ಮಾತಿಗೂ ಎಡೆಯಿರಲಿಲ್ಲ, ಏಕೆಂದರೆ ದಾರಿ ಅಷ್ಟು ಕಿರಿದು.

ಅಂಥ ಅಲೆಗಳ ಕಾಲ ಮುಗಿಯಿತೆಂದು ಹೇಳುವಂತಿಲ್ಲ. ಸಮುದ್ರದ ನೀರಿನೊಳಕ್ಕೆ ಸ್ವಲ್ಪವಾದರೂ ಇಳಿಯಬಲ್ಲ ರೇಡಿಯೋ ಅಲೆಗಳು ಇವೇ. ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ನಮ್ಮ ನೌಕಾಪಡೆ 1990ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಐ.ಎನ್.ಎಸ್. ಕಟ್ಟಬೊಮ್ಮನ್ ನಿಲಯವನ್ನು ಸ್ಥಾಪಿಸಿತು. ಅಲ್ಲಿ ಬೇಕಾಗಿರುವುದು ಅತಿ ದೂರ ಮತ್ತು ಅತಿ ಸಣ್ಣ ಸಂದೇಶ. ನಿಧಾನವಾದರೂ ಚಿಂತೆಯಿಲ್ಲ.

ಬೇಡವೆಂದು ಬಿಟ್ಟ ನೆಲ

1912ರಲ್ಲಿ ಅಮೆರಿಕದ ಸರ್ಕಾರ ಒಂದು ಕಾನೂನು ಮಾಡಿತು. ಒಳ್ಳೆಯವೆಂದು ಎಣಿಸಿದ್ದ ಉದ್ದ ಅಲೆಗಳನ್ನು ಸೈನ್ಯ, ಹಡಗು ಮತ್ತು ಕಂಪನಿಗಳಿಗೆ ಇಟ್ಟುಕೊಂಡು, ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಗಿಡ್ಡ ಅಲೆಗಳಿಗೆ ಅಟ್ಟಿತು. ಅದು ಯಾರಿಗೂ ಬೇಡವಾದ ಬೀಳುಭೂಮಿ. ಅಲ್ಲಿಂದ ಅವರ ಸದ್ದು ಪಕ್ಕದ ಊರು ದಾಟಲಾರದು ಎಂಬುದು ಬಲ್ಲವರ ಎಣಿಕೆಯಾಗಿತ್ತು. ಆದರೆ 1923ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಫ್ರೆಡ್ ಶ್ನೆಲ್ ಮತ್ತು ಫ್ರಾನ್ಸಿನ ಲಿಯಾನ್ ಡೆಲ್ವಾ ಎಂಬ ಇಬ್ಬರು ಹವ್ಯಾಸಿಗಳು ಸುಮಾರು 110 ಮೀಟರ್ ಅಲೆಯಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆ ಸಂಭಾಷಿಸಿದರು. ಬೀಳುಭೂಮಿಯಲ್ಲಿ ಬೆಳೆ ಬಂದಿತ್ತು.

ಕಾರಣ ಮೇಲೆ ಇತ್ತು. ವಾಯುಮಂಡಲದ ಎತ್ತರದಲ್ಲಿ ವಿದ್ಯುದಾವೇಶ ಪಡೆದ ಪದರವೊಂದು ಇರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ 1902ರಲ್ಲಿಯೇ ಊಹಿಸಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ 1924ರಲ್ಲಿ ಅದನ್ನು ಪ್ರಯೋಗದಿಂದ ಸಾಧಿಸಿದರು ಮತ್ತು 1947ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಪಡೆದರು. ಹ್ರಸ್ವ ತರಂಗಗಳು ಈ ಪದರಕ್ಕೆ ಬಡಿದು, ಗೋಡೆಗೆ ಎಸೆದ ಚೆಂಡಿನಂತೆ ಭೂಮಿಗೆ ಮರಳುತ್ತವೆ. 1927ರಲ್ಲಿ ಪುಣೆಯ ಸಮೀಪದಿಂದ ಇಂಗ್ಲೆಂಡಿಗೆ ಹ್ರಸ್ವ ತರಂಗದ ನಿಸ್ತಂತು ತಂತಿ ಸೇವೆ ಆರಂಭವಾಯಿತು. 1950ರ ದಶಕದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ನಮ್ಮ ಹಿರಿಯರು ರೇಡಿಯೋ ಸಿಲೋನಿಗೆ ಕಿವಿಗೊಟ್ಟದ್ದು, 1952ರಲ್ಲಿ ಅಲ್ಲಿ ಶುರುವಾದ ಬಿನಾಕಾ ಗೀತಮಾಲೆ ಮನೆಮಾತಾದದ್ದು ಈ ಪದರದ ಕೃಪೆಯಿಂದ. ಹಾಡು ಏರಿಳಿಯುತ್ತ, ತೇಲಿ ಹೋಗಿ ಮತ್ತೆ ಬರುತ್ತಿದ್ದುದಕ್ಕೂ ಆ ಪದರದ ಅಸ್ಥಿರತೆಯೇ ಕಾರಣ.

ಇಲ್ಲಿ ನಮ್ಮ ನಿಯಮಕ್ಕೆ ಒಂದು ಅಪವಾದ ಸಿಕ್ಕಂತಾಯಿತಲ್ಲ ಎಂದು ಓದುಗರು ಕೇಳಬಹುದು. ಆವರ್ತನ ಏರಿತು, ದೂರವೂ ಏರಿತು! ನಿಜ. ಆದರೆ ಈ ಚಾವಣಿ ಸುಮಾರು 30 ಮೆಗಾಹರ್ಟ್ಸ್‌ನ ಆಸುಪಾಸಿನವರೆಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲಿನ ಅಲೆಗಳು ಸಾಮಾನ್ಯವಾಗಿ ಅದನ್ನು ತೂರಿಕೊಂಡು ಹೊರಗೆ ಹೋಗಿಬಿಡುತ್ತವೆ.

ಚಿತ್ರದ ಹೊರೆ

ಟೆಲಿವಿಷನ್ನಿಗೆ ಎದುರಾದ ಕಷ್ಟ ಇದೇ. ಹ್ರಸ್ವ ತರಂಗದ ಇಡೀ ಹರವು 3ರಿಂದ 30 ಮೆಗಾಹರ್ಟ್ಸ್, ಒಟ್ಟು 27. ಅದರಲ್ಲಿ 7 ಮೆಗಾಹರ್ಟ್ಸ್‌ನ ನಾಲ್ಕು ಚಾನೆಲ್‌ಗಳೂ ಹಿಡಿಯುವುದಿಲ್ಲ. ಆದ್ದರಿಂದ ಟೆಲಿವಿಷನ್ ಇನ್ನೂ ಮೇಲಕ್ಕೆ, ಚಾವಣಿಯಿಂದಾಚೆಗಿನ ಆವರ್ತನಗಳಿಗೆ ಹತ್ತಿತು. ಚಿತ್ರಕ್ಕೆ ಜಾಗ ಸಿಕ್ಕಿತು, ದೂರ ಕೈಬಿಟ್ಟಿತು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಅದು ಆ ನಗರದ ಸುತ್ತಮುತ್ತಲಿಗೆ ಸೀಮಿತ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು. ಗೋಪುರ ಎಷ್ಟು ಎತ್ತರವೋ ಅಷ್ಟು ದೂರ ಕಾಣುತ್ತದೆ, ಅದರಾಚೆಗೆ ದಿಗಂತ ಅಡ್ಡ. ಒಂದು ಮಧ್ಯಮ ತರಂಗ ರೇಡಿಯೋ ನಿಲಯ ಹಲವಾರು ಜಿಲ್ಲೆಗಳನ್ನು ತಲುಪುತ್ತಿದ್ದರೆ, ಅಷ್ಟೇ ಪ್ರದೇಶಕ್ಕೆ ಚಿತ್ರ ತಲುಪಿಸಲು ಗುಡ್ಡಗಳ ಮೇಲೆ ಒಂದಾದ ಮೇಲೊಂದು ಪ್ರಸಾರ ಗೋಪುರಗಳು ಏಳಬೇಕಾಯಿತು.

ಹೀಗಿರುವಾಗ, ಬೆಂಗಳೂರಿಗೇ ಟಿ.ವಿ. ಇಲ್ಲದ ಕಾಲದಲ್ಲಿ, ಕಲಬುರಗಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ ಹಳ್ಳಿಗಳ ಜನ ಟಿ.ವಿ. ನೋಡಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ಸೈಟ್, ಇದನ್ನು ಸಾಧ್ಯ ಮಾಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಒಂದು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹ ತನ್ನ ಒಂಬತ್ತು ಮೀಟರ್ ಅಗಲದ ಆಂಟೆನಾವನ್ನು ಭಾರತದ ಕಡೆ ತಿರುಗಿಸಿ ನಿಂತಿತ್ತು.

ಈ ಪ್ರಯೋಗಕ್ಕೆ ಆರಿಸಿದ ಆವರ್ತನ 860 ಮೆಗಾಹರ್ಟ್ಸ್. ಇದರಲ್ಲೊಂದು ಜಾಣತನವಿದೆ. ಆ ಅಲೆಯ ಉದ್ದ 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಕೋಳಿಗೂಡಿಗೆ ಹೊದಿಸುವ ತಂತಿ ಬಲೆಯೂ ಒಂದೇ, ನುಣುಪಾದ ಲೋಹದ ತಗಡೂ ಒಂದೇ. ಬಲೆಯ ಕಣ್ಣುಗಳು ಅಲೆಗಿಂತ ಬಹಳ ಚಿಕ್ಕವಾದ್ದರಿಂದ ಅಲೆ ಅದರೊಳಗೆ ನುಸುಳಿ ಹೋಗಲಾರದು. ಆದ್ದರಿಂದಲೇ ಹಳ್ಳಿಗಳಲ್ಲಿ ಹತ್ತು ಅಡಿಯ ಅಗ್ಗದ ಬಲೆಯ ತಟ್ಟೆಗಳನ್ನು ನಿಲ್ಲಿಸಿ ನೇರವಾಗಿ ಉಪಗ್ರಹದಿಂದ ಚಿತ್ರ ಪಡೆಯಲು ಸಾಧ್ಯವಾಯಿತು. ದೂರದ ಹಾಗೂ ಬಡ ಹಳ್ಳಿಗೆ ತಲುಪಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಅಲೆಯನ್ನು ಅನಂತರ ಆರಿಸಿದ ಉದಾಹರಣೆ ಇದು. ವರ್ಷ ಮುಗಿದೊಡನೆ ಉಪಗ್ರಹ ಹಿಂದಿರುಗಿತು. 1977ರಲ್ಲಿ ಕಲಬುರಗಿಯಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತು.

ಮುಂದೆ ಮನೆಮನೆಗೆ ಬಂದ ಡಿಶ್ ಪ್ರಸಾರ 11-12 ಗಿಗಾಹರ್ಟ್ಸ್ ಆಸುಪಾಸಿನದು. ದೂರದರ್ಶನದ ಇಂಥ ಸೇವೆ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲೆ ಗಿಡ್ಡವಾದ್ದರಿಂದ ಒಂದು ಪರಾತದಷ್ಟು ತಟ್ಟೆಯೇ ಅಲೆಯನ್ನು ಒಂದೆಡೆ ಕೂಡಿಸಬಲ್ಲದು, ಚಾನೆಲ್‌ಗಳಿಗೂ ಬರವಿಲ್ಲ. ಆದರೆ ಮಲೆನಾಡಿನ ಆಷಾಢದ ಮಳೆ ಹೊಡೆಯತೊಡಗಿದರೆ ಚಿತ್ರ ಚೂರುಚೂರಾಗುತ್ತದೆ. ಎರಡೂವರೆ ಸೆಂಟಿಮೀಟರ್ ಅಲೆಗೆ ದಪ್ಪ ಮಳೆಹನಿ ಸಣ್ಣ ಅಡ್ಡಿಯೇನಲ್ಲ. ಅದೇ ಮಳೆಯಲ್ಲಿ ಮಧ್ಯಮ ತರಂಗದ ರೇಡಿಯೋ ವಾರ್ತೆ, ಗುಡುಗು-ಸಿಡಿಲಿನ ಕರಕರವೊಂದನ್ನು ಬಿಟ್ಟರೆ, ತನ್ನ ಪಾಡಿಗೆ ತಾನು ಬರುತ್ತಿರುತ್ತದೆ.

ಮತ್ತೊಂದು ಬೀಳುಭೂಮಿ

ವೈ-ಫೈಯ ಕಥೆಯೂ ಬೇಡದ ನೆಲದಲ್ಲಿಯೇ ಹುಟ್ಟಿತು. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 2.45 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಕೈಗಾರಿಕೆ, ವೈದ್ಯಕೀಯ ಮುಂತಾದ ಕೆಲಸಗಳಿಗೆ ಬಿಟ್ಟುಕೊಟ್ಟಿತು. ಅಡುಗೆಮನೆಯ ಮೈಕ್ರೋವೇವ್ ಒಲೆ ಉರಿಯುವುದು ಈ ಪಟ್ಟಿಯಲ್ಲಿ. ನೀರಿನ ಅಣುವಿಗೆ ಈ ಆವರ್ತನ ವಿಶೇಷವೆಂಬ ಮಾತು ಪ್ರಚಾರದಲ್ಲಿದೆ, ಆದರೆ ಅದು ಸರಿಯಲ್ಲ. ಇದಕ್ಕಿಂತ ಎತ್ತರದ ಆವರ್ತನಗಳನ್ನು ನೀರು ಇನ್ನೂ ಚೆನ್ನಾಗಿ ಹೀರುತ್ತದೆ. ಒಲೆಗಳ ಗದ್ದಲ ತುಂಬಿದ ಈ ಪಟ್ಟಿಯನ್ನು, ಜೊತೆಗೆ ಇನ್ನೆರಡನ್ನು, 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಲೈಸೆನ್ಸ್ ಇಲ್ಲದ ಸಂಪರ್ಕಕ್ಕೂ ತೆರೆದಿಟ್ಟಿತು. ಕಡಿಮೆ ಶಕ್ತಿ ಬಳಸಬೇಕು, ಗದ್ದಲವನ್ನು ಸಹಿಸಿಕೊಳ್ಳಬೇಕು ಎಂಬುದು ಷರತ್ತು.

1997ರಲ್ಲಿ ಮೊದಲ ವೈ-ಫೈ ಮಾನದಂಡ ಸಿದ್ಧವಾದಾಗ ಅದರ ವೇಗ ಸೆಕೆಂಡಿಗೆ 1ರಿಂದ 2 ಮೆಗಾಬಿಟ್. 1999ರಲ್ಲಿ ಎರಡು ಹೊಸ ಮಾನದಂಡಗಳು ಒಟ್ಟಿಗೆ ಬಂದವು. ಒಂದು 2.4 ಗಿಗಾಹರ್ಟ್ಸ್‌ನಲ್ಲಿ 11 ಮೆಗಾಬಿಟ್, ಇನ್ನೊಂದು 5 ಗಿಗಾಹರ್ಟ್ಸ್‌ನಲ್ಲಿ 54 ಮೆಗಾಬಿಟ್. ಮನೆಮನೆಗಳಲ್ಲಿ ಮೊದಲು ಗೆದ್ದದ್ದು ನಿಧಾನದ್ದೇ. ಅದು ಅಗ್ಗವಾಗಿತ್ತು, ಗೋಡೆ ದಾಟುತ್ತಿತ್ತು. ಭಾರತ 2.4ರ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿತು. ಆದರೆ ಆ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಒಂದರ ಮೇಲೊಂದು ಬೀಳದಂತೆ ಅದರಲ್ಲಿ ಸಾಮಾನ್ಯವಾಗಿ ಮೂರೇ ಮಾರ್ಗಗಳನ್ನು ಹಾಸಬಹುದು. ನೂರು ಮನೆಗಳಿರುವ ವಸತಿ ಸಮುಚ್ಚಯದಲ್ಲಿ ಮೂರು ದಾರಿಗಳೆಂದರೆ ಜಾತ್ರೆಯ ನೂಕುನುಗ್ಗಲು. ಅದರ ದೂರ ಹೋಗುವ ಗುಣವೇ ಅಲ್ಲಿ ಅದಕ್ಕೆ ಮುಳುವು, ಏಕೆಂದರೆ ಪಕ್ಕದ ಮನೆಯ ಅಲೆಯೂ ನಮ್ಮ ಮನೆಗೆ ಬರುತ್ತದೆ. 2018ರಲ್ಲಿ ಭಾರತ 5 ಗಿಗಾಹರ್ಟ್ಸ್‌ನಲ್ಲಿ 605 ಮೆಗಾಹರ್ಟ್ಸ್ ಅಗಲದ ಜಾಗವನ್ನು ಮುಕ್ತಗೊಳಿಸಿತು. ನಡುಮನೆಯ ಭರ್ಜರಿ ವೇಗ ಬಂದದ್ದು ಆ ಅಗಲದಿಂದ.

ಇನ್ನೂ ಮೇಲೆ ಹೋದವರೂ ಇದ್ದಾರೆ. 2012ರ ಒಂದು ಮಾನದಂಡ 60 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಏಳು ಸಾವಿರ ಮೆಗಾಬಿಟ್‌ವರೆಗೆ ಸಾಧ್ಯವೆಂದಿತು. ಅದು ಕೋಣೆಯ ಗೋಡೆಯನ್ನು ದಾಟುವುದು ಕಷ್ಟ, ಗಾಳಿಯ ಆಮ್ಲಜನಕ ಕೂಡ ಅದನ್ನು ಹೀರುತ್ತದೆ. ಈ ಅಲೆಯ ಉದ್ದ ಐದು ಮಿಲಿಮೀಟರ್. ಬೋಸರು ಕಲ್ಕತ್ತೆಯ ಮೇಜಿನ ಮೇಲೆ ಆಡಿಸಿದ ಅಲೆಯನ್ನೇ ಜಗತ್ತು ಶತಮಾನ ಕಳೆದ ಮೇಲೆ ಹುಡುಕಿಕೊಂಡು ಬಂದಿದೆ.

ದೂರಕ್ಕೆ ಕಟ್ಟಿದ ಬೆಲೆ

ಇವೆರಡರಲ್ಲಿ ಯಾವುದು ಹೆಚ್ಚು ಬೆಲೆಬಾಳುತ್ತದೆ? ಇದಕ್ಕೆ ಉತ್ತರ ರೂಪಾಯಿಯಲ್ಲಿಯೇ ಇದೆ. ನಮ್ಮ ದೇಶದಲ್ಲಿ 2022ರಲ್ಲಿ ನಡೆದ ಮೊಬೈಲ್ ಹರಾಜಿನಲ್ಲಿ ದೇಶದಾದ್ಯಂತ ಬಳಸಲು ಒಂದೊಂದು ಮೆಗಾಹರ್ಟ್ಸ್ ಅಗಲಕ್ಕೆ ನಿಗದಿಯಾಗಿದ್ದ ಕನಿಷ್ಠ ಬೆಲೆಯನ್ನು ಗಮನಿಸಿ. 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 3,927 ಕೋಟಿ ರೂಪಾಯಿ, 3.3 ಗಿಗಾಹರ್ಟ್ಸ್‌ನಲ್ಲಿ 317 ಕೋಟಿ, 26 ಗಿಗಾಹರ್ಟ್ಸ್‌ನಲ್ಲಿ 6.99 ಕೋಟಿ. 700ರ ಬೆಲೆಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಜೋಡಿ ಪಟ್ಟಿ ಸಿಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಇನ್ನೂರೆಂಬತ್ತು ಪಟ್ಟು. ಅಗಲ ಒಂದೇ, ಹೊರುವ ಹೊರೆಯೂ ಹೆಚ್ಚುಕಡಿಮೆ ಒಂದೇ. ಈ ಹಣವೆಲ್ಲ ಮುಖ್ಯವಾಗಿ ದೂರಕ್ಕೆ, ಗೋಡೆ-ಗುಡ್ಡಗಳನ್ನು ದಾಟುವ ಗುಣಕ್ಕೆ ತೆರುವ ಬೆಲೆ. ಬೆಲೆ ಎಷ್ಟು ದುಬಾರಿಯಾಗಿತ್ತೆಂದರೆ 2016ರ ಮತ್ತು 2021ರ ಹರಾಜುಗಳಲ್ಲಿ 700ರ ಪಟ್ಟಿಯನ್ನು ಕೊಳ್ಳುವವರೇ ಇರಲಿಲ್ಲ. 2022ರಲ್ಲಿ ಒಂದು ಕಂಪನಿ ಕೊಂಡಿತು. 2023ರಲ್ಲಿ ಸರ್ಕಾರ ಅದೇ ಪಟ್ಟಿಯ ಒಂದು ಭಾಗವನ್ನು ಬಿ.ಎಸ್.ಎನ್.ಎಲ್.ಗೆ ಹಂಚಿಕೊಟ್ಟಿತು. ಅನೇಕ ದೇಶಗಳಲ್ಲಿ ಈ ಪಟ್ಟಿ ಹಿಂದೆ ಟೆಲಿವಿಷನ್ನಿನದಾಗಿತ್ತು. ಸೈಟ್ ಪ್ರಯೋಗದ 860 ಮೆಗಾಹರ್ಟ್ಸ್ ಕೂಡ ಇದರ ನೆರೆಮನೆಯದೇ.

ಈ ಅಂಕಿಗಳ ಹಿಂದೆ ಊರುಗಳಿವೆ. 2020-21ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿನ ಮೂಲಕ ನಡೆದಾಗ ಮಲೆನಾಡು ಮತ್ತು ಕರಾವಳಿಯ ಒಳನಾಡಿನ ಮಕ್ಕಳು ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತದ್ದನ್ನು ನಾವೆಲ್ಲ ಸುದ್ದಿಯಲ್ಲಿ ನೋಡಿದ್ದೇವೆ. ಅವರು ಗುಡ್ಡ ಹತ್ತಿದ್ದು ಅಲೆಯ ನೆರಳಿನಿಂದ ಹೊರಬರುವುದಕ್ಕೆ. 2022ರಲ್ಲಿ ಕೇಂದ್ರ ಸಂಪುಟ 4ಜಿ ಸಂಪರ್ಕ ಮುಟ್ಟದ ಹಳ್ಳಿಗಳಿಗಾಗಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಾಗ ಅಂಥ ಹಳ್ಳಿಗಳ ಲೆಕ್ಕ 24,680. ಅಲ್ಲಿ ಮನೆಗಳು ಅಡಿಕೆ ತೋಟದ ಅಂಚಿಗೊಂದು, ಹಳ್ಳದ ಆಚೆಗೊಂದು ಚದುರಿರುತ್ತವೆ. ಕೆಲವೇ ನೂರು ಮೀಟರ್ ಹೋಗುವ 26 ಗಿಗಾಹರ್ಟ್ಸ್ ಅಲೆ ಎಷ್ಟು ವೇಗದ್ದಾದರೂ ಅಂಥ ಊರಿಗೆ ಪ್ರಯೋಜನವಿಲ್ಲ. ಅದು ರೈಲ್ವೆ ನಿಲ್ದಾಣಕ್ಕೆ, ಕ್ರೀಡಾಂಗಣಕ್ಕೆ, ಕಿಕ್ಕಿರಿದ ಪೇಟೆಗೆ ಸರಿ. ಚದುರಿದ ಊರಿಗೆ ಬೇಕಾದದ್ದು ತಗ್ಗಿನ ಆವರ್ತನ ಮತ್ತು ಅದನ್ನು ಹೊತ್ತು ನಿಲ್ಲುವ ಗೋಪುರ.

ಅಲೆ ಎಷ್ಟು ದೂರ ಹೋಗುತ್ತದೆ, ಎಷ್ಟು ಹೊರುತ್ತದೆ ಎಂಬುದನ್ನು ಪ್ರಕೃತಿ ತೀರ್ಮಾನಿಸಿದೆ. ಅದರಲ್ಲಿ ನಮ್ಮ ಕೈವಾಡವಿಲ್ಲ. ಆದರೆ ಯಾವ ಅಲೆಯನ್ನು ಯಾರಿಗಾಗಿ ಇಡಬೇಕೆಂಬುದು ಪ್ರತಿ ಕಾಲದಲ್ಲಿಯೂ ಮನುಷ್ಯರ ತೀರ್ಮಾನವೇ ಆಗಿದೆ. 1912ರಲ್ಲಿ ಹಾಗಿತ್ತು, 1975ರಲ್ಲಿ ಹಾಗಿತ್ತು, 2022ರಲ್ಲೂ ಹಾಗೇ. ಮುಂದೆ ಹೊಸ ವೇಗದ ಜಾಹೀರಾತು ಕಣ್ಣಿಗೆ ಬಿದ್ದಾಗ ಸೆಕೆಂಡಿಗೆ ಎಷ್ಟು ಎಂದು ಕೇಳುವುದರ ಜೊತೆಗೆ, ಎಲ್ಲಿಯವರೆಗೆ ಎಂದೂ ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು.